ಎರಡು ಚುಕ್ಕೆ ಯಾಕಿಲ್ಲ? ಮೀನಿನ ಥೈಮಸ್ ಕಟ್ಟುವ ಜೀನ್‌ಗಳು

(ಉಪನ್ಯಾಸದ ಬರಹ ರೂಪ)

ಪರದೆಯ ಮೇಲಿರುವುದು ಐದು ದಿನದ ಜೀಬ್ರಾಮೀನಿನ ಮರಿ. ಉದ್ದ 4 ಮಿಲಿಮೀಟರ್‌ಗೂ ತುಸು ಕಡಿಮೆ, ಮೈ ಗಾಜಿನ ಹಾಗೆ. ಎರಡು ದೊಡ್ಡ ಕಣ್ಣು, ಅವುಗಳ ಹಿಂದೆ ಕಿವಿಯ ಗುಳ್ಳೆಗಳು, ಆ ಗುಳ್ಳೆಗಳ ಬುಡದಲ್ಲಿ ಎಡಕ್ಕೊಂದು ಬಲಕ್ಕೊಂದು ನೇರಳೆ ಚುಕ್ಕೆ. ಆ ಚುಕ್ಕೆಗಳೇ ಥೈಮಸ್, ಅಂದರೆ ಟಿ-ಕೋಶ ಎಂಬ ರೋಗನಿರೋಧಕ ಬಿಳಿ ರಕ್ತಕೋಶಗಳು ತಯಾರಾಗುವ ಅಂಗ. ಅಲ್ಲಿ ಬಣ್ಣ ಹತ್ತಿರುವುದು ರ್ಯಾಗ್1 ಎಂಬ ಜೀನ್‌ನಿಂದ ಬಂದ ಆರ್‌ಎನ್‌ಎಗೆ. ಟಿ-ಕೋಶ ತನ್ನ ಗ್ರಾಹಕದ ಜೀನ್ ತುಂಡುಗಳನ್ನು ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕತ್ತರಿಯ ಎರಡು ಅಲಗುಗಳು ರ್ಯಾಗ್1 ಮತ್ತು ರ್ಯಾಗ್2. ಹಾಗಾಗಿ ಚುಕ್ಕೆ ಕಂಡರೆ ಅಲ್ಲಿ ಟಿ-ಕೋಶಗಳು ತಯಾರಾಗುತ್ತಿವೆ ಎಂದು ತಿಳಿಯಬಹುದು.

ಈಗ ಪಕ್ಕದ ಮರಿಯನ್ನು ನೋಡಿ. ಅದೇ ತಂದೆತಾಯಿಗೆ ಅದೇ ಬೆಳಗ್ಗೆ ಹುಟ್ಟಿದ್ದು. ಚುಕ್ಕೆ ಇಲ್ಲ. "ಥೈಮಸ್ ಇಲ್ಲದ ಮೀನು ಸಿಕ್ಕಿತು" ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಬಿಡುವ ಆಸೆ ಆಗುತ್ತದೆ. ಬರೆಯಬೇಡಿ. ಥೈಮಸ್‌ನ ಅಂಗಾಂಶವನ್ನು ಗೂಡು ಎನ್ನೋಣ, ಹೊರಗಿನಿಂದ ಅಲ್ಲಿಗೆ ಬಂದು ಟಿ-ಕೋಶವಾಗುವ ಕೋಶವನ್ನು ಹಕ್ಕಿ ಎನ್ನೋಣ. ಗೂಡೇ ಕಟ್ಟಿಲ್ಲದಿದ್ದರೂ ಚುಕ್ಕೆ ಇರುವುದಿಲ್ಲ. ಗೂಡಿದ್ದು ಹಕ್ಕಿ ಬಾರದಿದ್ದರೂ ಇರುವುದಿಲ್ಲ. ಹಕ್ಕಿ ಹುಟ್ಟಿಯೇ ಇಲ್ಲದಿರಬಹುದು, ಬಂದದ್ದು ಮರಿಮಾಡದೆ ಸತ್ತಿರಬಹುದು. ಮರಿ ಒಟ್ಟಾರೆ ಒಂದು ದಿನ ತಡವಾಗಿ ಬೆಳೆಯುತ್ತಿದ್ದರೆ ನಾಳೆ ಚುಕ್ಕೆ ಕಾಣಬಹುದು. ಈ ಐದನ್ನೂ ಬೇರೆಬೇರೆ ಮಾಡಿ ನೋಡುವುದೇ ಈ ಕ್ಷೇತ್ರದ ಕೆಲಸ. ಜೀನ್‌ಗಳ ಪಟ್ಟಿಯನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು, ಯಾವ ಮೆಟ್ಟಿಲಲ್ಲಿ ಕೆಟ್ಟಿತು ಎಂದು ಹೇಳುವುದು ಕಷ್ಟ.

ಮೀನಿನ ಒಳಗೆ ಏನಿದೆ, ಏನಿಲ್ಲ

ಮೀನಿನ ಮೂಳೆಯೊಳಗೆ ರಕ್ತ ಹುಟ್ಟಿಸುವ ಮಜ್ಜೆ ಇಲ್ಲ. ನಮ್ಮ ಕಂಕುಳಲ್ಲಿ, ಕುತ್ತಿಗೆಯಲ್ಲಿ ಗಂಟಾಗಿ ಊದಿಕೊಳ್ಳುವ ದುಗ್ಧಗ್ರಂಥಿಗಳೂ ಇಲ್ಲ. ಮಜ್ಜೆಯ ಕೆಲಸವನ್ನು ಮೂತ್ರಪಿಂಡ ಮಾಡುತ್ತದೆ, ಅದರಲ್ಲೂ ತಲೆಯ ಕಡೆಯ ಭಾಗ. ಮೀನು ಹಸನು ಮಾಡುವವರಿಗೆ ಇದು ಗೊತ್ತಿರುವ ವಸ್ತುವೇ: ಕರುಳು ತೆಗೆದ ಮೇಲೂ ಬೆನ್ನುಮೂಳೆಗೆ ಅಂಟಿಕೊಂಡು ಉಳಿಯುವ, ಉಗುರಿನಿಂದ ಕೆರೆದು ತೊಳೆಯುವ ಕಪ್ಪುಗೆಂಪು ಪಟ್ಟಿ. ನಾವು ರಕ್ತ ಹೆಪ್ಪುಗಟ್ಟಿದೆ ಎಂದುಕೊಂಡು ಚೆಲ್ಲುವುದು ಮೀನಿನ ಮಜ್ಜೆಯನ್ನು. ಜೀಬ್ರಾಮೀನಿನಲ್ಲಿ ಈ ಪಟ್ಟಿಯ ಮೇಲೆ ಕಪ್ಪು ವರ್ಣಕೋಶಗಳ ಹೊದಿಕೆ ಇರುತ್ತದೆ. ಅದು ಕೊಡೆಯ ಹಾಗೆ ಬಿಸಿಲಿನ ನೇರಳಾತೀತ ಕಿರಣಗಳಿಂದ ರಕ್ತದ ಆಕರಕೋಶಗಳನ್ನು (ಸ್ಟೆಮ್ ಸೆಲ್) ಕಾಯುತ್ತದೆ ಎಂದು 2018ರಲ್ಲಿ ತೋರಿಸಲಾಯಿತು. ನೆಲದ ಪ್ರಾಣಿಗಳಲ್ಲಿ ಮೂಳೆ ಮಾಡುವ ನೆರಳನ್ನು ನೀರಿನಲ್ಲಿ ಈ ಕಪ್ಪು ಹೊದಿಕೆ ಮಾಡುತ್ತಿದೆ.

ಥೈಮಸ್ ಮಾತ್ರ ಮೀನಿಗೂ ನಮಗೂ ಒಂದೇ ಅಂಗ. ಕಿವಿರಿನ ಮುಚ್ಚಳ ಎತ್ತಿದರೆ ಕಿವಿರು ಕೋಣೆಯ ಒಳಗೋಡೆಯ ಮೇಲ್ಮೂಲೆಯಲ್ಲಿ ಬಿಳಿಚಾದ ತೆಳು ಅಂಗಾಂಶವಾಗಿ ಇರುತ್ತದೆ. ಎಳೆಯ ಮೀನಿನಲ್ಲಿ ಸುಲಭವಾಗಿ ಸಿಗುತ್ತದೆ, ಬಲಿತ ಮೀನಿನಲ್ಲಿ ಸೊರಗಿರುತ್ತದೆ. ಗುಲ್ಮವೂ ಇದೆ. ಟಿಎಲ್‌ಎಕ್ಸ್1 ಜೀನ್ ಕೆಟ್ಟ ಇಲಿಗೆ ಗುಲ್ಮವೇ ಬೆಳೆಯುವುದಿಲ್ಲ; ಮೀನಿನ ಗುಲ್ಮದ ಮೊಳಕೆಯನ್ನು ಗುರುತಿಸಲು ಬಳಸುವುದೂ ಅದೇ ಜೀನ್. ಗುಲ್ಮದ ಮಾತು ಇಷ್ಟಕ್ಕೇ ಸಾಕು, ಇಂದಿನ ವಿಷಯ ಥೈಮಸ್.

ಜೀಬ್ರಾಮೀನು ಮೂಲತಃ ನಮ್ಮ ಕಡೆಯದೇ. ಗಂಗಾ ನದಿಯ ಮೀನುಗಳನ್ನು ಪಟ್ಟಿ ಮಾಡಿದ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಇದನ್ನು ವಿವರಿಸಿದ. ಟಿಪ್ಪುವಿನ ನಂತರ ಮೈಸೂರು ಸೀಮೆಯಲ್ಲೆಲ್ಲ ಓಡಾಡಿ ವರದಿ ಬರೆದ ಬುಕಾನನ್ ಇದ್ದಾನಲ್ಲ, ಅವನೇ ಇವನು. ಮೊಟ್ಟೆ ತಾಯಿಯ ಹೊರಗೆ ಬೆಳೆಯುತ್ತದೆ, ಭ್ರೂಣ ಪಾರದರ್ಶಕ, ಮೂರು ತಿಂಗಳಿಗೆ ಮುಂದಿನ ತಲೆಮಾರು ಸಿದ್ಧ. 2013ರಲ್ಲಿ ಪ್ರಕಟವಾದ ಜೀನೋಮ್ ಪ್ರಕಾರ ಮನುಷ್ಯನ ಜೀನ್‌ಗಳಲ್ಲಿ ಸುಮಾರು ಶೇ. 70ಕ್ಕೆ ಈ ಮೀನಿನಲ್ಲಿ ಒಂದಾದರೂ ಸಮಾನ ಜೀನ್ ಇದೆ. ಜಪಾನಿನ ಗದ್ದೆ ಮೀನು ಮೆಡಾಕ ಇದರ ಜೊತೆಗಾರ. ಥೈಮಸ್ ಕುರಿತು ನಮಗೆ ತಿಳಿದಿರುವುದರಲ್ಲಿ ಒಂದು ಪಾಲು ಅದರಿಂದ ಬಂದದ್ದು.

ಗಡಿಯಾರ ಇಟ್ಟುಕೊಂಡು ನೋಡಿದರೆ

28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದ ಭ್ರೂಣದ ಲೆಕ್ಕ ಹೇಳುತ್ತೇನೆ. ಉಷ್ಣತೆ ಬದಲಾದರೆ ಈ ಗಂಟೆಗಳೆಲ್ಲ ಬದಲಾಗುತ್ತವೆ, ಅದಕ್ಕೇ ಇನ್‌ಕ್ಯುಬೇಟರ್‌ನ ಬಾಗಿಲು ತೆರೆದಿಟ್ಟು ಹರಟೆ ಹೊಡೆಯಬಾರದು.

ಮೊದಲ ದಿನದಲ್ಲೇ ಗಂಟಲ ಭಾಗದ ಒಳಪದರ ಹೊರಕ್ಕೆ ಉಬ್ಬಿ ಒಂದರ ಹಿಂದೊಂದು ಚೀಲಗಳಾಗತೊಡಗುತ್ತದೆ. ಕಿವಿರುಗಳ ನಡುವಿನ ಸಂದುಗಳು ಆಗುವುದು ಇವುಗಳಿಂದ. ಮೂರನೆಯ ಚೀಲದ ಒಂದು ತುದಿ ಥೈಮಸ್‌ನ ಗೂಡಾಗುತ್ತದೆ. ಇನ್ನೊಂದು ಕಡೆ, ಸುಮಾರು 30 ಗಂಟೆಯ ಆಸುಪಾಸಿನಲ್ಲಿ ಮಹಾಪಧಮನಿಯ ತಳದ ಗೋಡೆಯಿಂದ ಕೋಶಗಳು ಬಾಗಿ, ಕಳಚಿಕೊಂಡು ಹೊರಬೀಳುತ್ತವೆ. ಇವೇ ಜೀವನವಿಡೀ ರಕ್ತ ಹುಟ್ಟಿಸುವ ಆಕರಕೋಶಗಳು. ರಕ್ತನಾಳದ ಗೋಡೆಯ ಇಟ್ಟಿಗೆಯೇ ರಕ್ತಕೋಶವಾಗಿ ಕಳಚುವ ಈ ನೋಟವನ್ನು 2010ರಲ್ಲಿ ಜೀವಂತ ಮೀನಿನಲ್ಲೇ ಚಿತ್ರೀಕರಿಸಲಾಯಿತು. ಕಳಚಿದ ಕೋಶಗಳು ಬಾಲದ ಸಿರೆಗಳ ಜಾಲದಲ್ಲಿ ಕೆಲಕಾಲ ತಂಗಿ ಹೆಚ್ಚಿಕೊಳ್ಳುತ್ತವೆ. ನಮ್ಮ ಭ್ರೂಣದಲ್ಲಿ ಯಕೃತ್ತು ಮಾಡುವ ಕೆಲಸವನ್ನು ಮೀನಿನಲ್ಲಿ ಬಾಲ ಮಾಡುತ್ತದೆ. ಎರಡೂವರೆ ದಿನದ ಹೊತ್ತಿಗೆ ಮೊದಲ ಕೋಶಗಳು ಥೈಮಸ್‌ನ ಗೂಡಿಗೆ ನುಗ್ಗುತ್ತವೆ. ಮೂರನೆಯ ದಿನ ಮುಗಿದು ನಾಲ್ಕನೆಯದು ನಡೆಯುವಾಗ ರ್ಯಾಗ್1 ಹೊತ್ತಿಕೊಳ್ಳುತ್ತದೆ. ಮೂತ್ರಪಿಂಡಕ್ಕೆ ಆಕರಕೋಶಗಳು ತಲುಪುವುದು ನಾಲ್ಕನೆಯ ದಿನದಿಂದ. ಐದನೆಯ ದಿನ ಚುಕ್ಕೆ ದಿಟ್ಟವಾಗಿ ಕಾಣುತ್ತದೆ, ತಪಾಸಣೆಗೆ ಆ ದಿನವನ್ನೇ ಆರಿಸುವುದು ಅದಕ್ಕೆ.

ಐದನೆಯ ದಿನಕ್ಕೆ ಟಿ-ಕೋಶ ಇದೆ ಎಂದ ಮಾತ್ರಕ್ಕೆ ಮರಿಗೆ ರೋಗನಿರೋಧಕ ಶಕ್ತಿ ಪೂರ್ತಿ ಬಂತು ಎಂದಲ್ಲ. ಪ್ರತಿಕಾಯ ತಯಾರಿಸಿ ಪ್ರತಿಕ್ರಿಯಿಸುವ ಮಟ್ಟಕ್ಕೆ ಜೀಬ್ರಾಮೀನು ಬರುವುದು ನಾಲ್ಕರಿಂದ ಆರು ವಾರಕ್ಕೆ. ಈ ಅಂತರ ನೆನಪಿರಲಿ, ಕೊನೆಯಲ್ಲಿ ಬಂದ ಒಂದು ಪ್ರಶ್ನೆಗೆ ಬೇಕಾಗುತ್ತದೆ.

ಗೂಡು

ಗಂಟಲ ಚೀಲಗಳೇ ಮೂಡದಿದ್ದರೆ ಮುಂದಿನದೆಲ್ಲ ಇಲ್ಲ. ವ್ಯಾನ್ ಗೋ ಎಂಬ ಹೆಸರಿನ ಜೀಬ್ರಾಮೀನಿನ ತಳಿಯಲ್ಲಿ ಹಾಗೆ ಆಗುತ್ತದೆ. ಕಿವಿ ಚಿಕ್ಕದಾಗಿರುವುದಕ್ಕೆ ಆ ಚಿತ್ರಕಾರನ ಹೆಸರು. ಜೀಬ್ರಾಮೀನಿನವರ ಹಾಸ್ಯ ಹೀಗೇ ಇರುತ್ತದೆ. ಅದರಲ್ಲಿ ಕೆಟ್ಟಿರುವ ಜೀನ್ ಟಿಬಿಎಕ್ಸ್1. ಮನುಷ್ಯರಲ್ಲಿ 22ನೇ ಕ್ರೋಮೋಸೋಮಿನ ಒಂದು ತುಂಡು ಕಾಣೆಯಾಗಿ ಬರುವ ಡಿಜಾರ್ಜ್ ಸಿಂಡ್ರೋಮ್‌ನಲ್ಲಿ ಥೈಮಸ್ ಕುಗ್ಗುವುದು, ಹೃದಯದ ನಾಳಗಳು ಕೆಡುವುದು, ಮುಖದ ಆಕಾರ ಬದಲಾಗುವುದು ಒಟ್ಟಿಗೆ ಬರುತ್ತವಲ್ಲ, ಅದಕ್ಕೆ ಮುಖ್ಯ ಕಾರಣವೂ ಇದೇ ಜೀನ್‌ನ ಕೊರತೆ. ಇಂಥ ಮೀನನ್ನು ಗುರುತಿಸುವುದು ಸುಲಭ. ಥೈಮಸ್ ಒಂದೇ ಕೆಟ್ಟಿರುವುದಿಲ್ಲ. ದವಡೆ, ಕಿವಿರು, ಕಿವಿ ಎಲ್ಲವೂ ಕೆಟ್ಟಿರುತ್ತವೆ. ಆದ್ದರಿಂದ ಚುಕ್ಕೆ ಇಲ್ಲದ ಮರಿಯಲ್ಲಿ ಮೊದಲು ನೋಡಬೇಕಾದದ್ದು ಸೂಕ್ಷ್ಮದರ್ಶಕದಡಿಯ ಮುಖವನ್ನು. ಡಿಎನ್‌ಎ ಆಮೇಲೆ.

ಚೀಲ ಮೂಡಿದ ಮೇಲೆ ಅದಕ್ಕೆ "ನೀನು ಥೈಮಸ್" ಎಂದು ಹೇಳುವ ಜೀನ್ ಫಾಕ್ಸ್‌ಎನ್1. ಇದರ ಕತೆ ಮೀನಿನಿಂದ ಶುರುವಾಗಲಿಲ್ಲ. 1966ರಲ್ಲಿ ಕೂದಲಿಲ್ಲದ ಬೋಳು ಇಲಿಯ ವರದಿ ಬಂತು. ಅದಕ್ಕೆ ಥೈಮಸ್ಸೂ ಇಲ್ಲ ಎಂದು 1968ರಲ್ಲಿ ಗೊತ್ತಾಯಿತು. ಎರಡಕ್ಕೂ ಕಾರಣವಾದ ಒಂದೇ ಜೀನ್ ಸಿಕ್ಕಿದ್ದು 1994ರಲ್ಲಿ, ಥಾಮಸ್ ಬೋಮ್ ಅವರ ಗುಂಪಿಗೆ. ಜರ್ಮನಿಯ ಫ್ರೈಬುರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮುಂದೆ ಅವರೇ ಇದನ್ನು ಮೀನಿಗೆ, ದವಡೆಯಿಲ್ಲದ ಲ್ಯಾಂಪ್ರೇಗೆ, ಶಾರ್ಕ್‌ಗೆ ಕೊಂಡೊಯ್ದು ಹೋಲಿಸಿ ನೋಡಿದರು.

ಆ ಹೋಲಿಕೆಯಿಂದ ಹೊರಬಂದ ಸಂಗತಿ ಚೆನ್ನಾಗಿದೆ. ಗೂಡಿನ ಕೋಶಗಳು ಬರುವ ಕೋಶಗಳಿಗೆ ಕೊಡಬೇಕಾದ ಸಂಕೇತಗಳಲ್ಲಿ ಮುಖ್ಯವಾದವು ನಾಲ್ಕೇ. ಸಿಸಿಎಲ್25 ಮತ್ತು ಸಿಎಕ್ಸ್‌ಸಿಎಲ್12 ಎಂಬ ಎರಡು ಕೀಮೋಕೈನ್‌ಗಳು "ಇಲ್ಲಿಗೆ ಬಾ" ಎನ್ನುತ್ತವೆ. ಎಸ್‌ಸಿಎಫ್ "ಬದುಕು, ಹೆಚ್ಚಿಕೋ" ಎನ್ನುತ್ತದೆ. ಡಿಎಲ್‌ಎಲ್4 ನಾಚ್ ಎಂಬ ಗ್ರಾಹಕವನ್ನು ಮುಟ್ಟಿ "ಟಿ-ಕೋಶವಾಗು" ಎನ್ನುತ್ತದೆ. ಅದು ಇಲ್ಲದಿದ್ದರೆ ಬಂದ ಕೋಶ, ಪ್ರತಿಕಾಯ ತಯಾರಿಸುವ ಬಿ-ಕೋಶದ ದಾರಿ ಹಿಡಿಯಬಹುದು. ಮೆಡಾಕದಲ್ಲಿ ಎರಡು ಕೀಮೋಕೈನ್‌ಗಳಲ್ಲಿ ಒಂದನ್ನು ಕಟ್ಟಿಹಾಕಿದರೆ ಗೂಡಿಗೆ ಬರುವ ಕೋಶಗಳು ಕಡಿಮೆಯಾಗುತ್ತವೆ, ಎರಡನ್ನೂ ಕಟ್ಟಿಹಾಕಿದರೆ ಗೂಡು ಬಹುತೇಕ ಖಾಲಿ. ಪ್ರಯೋಗ ಮಾಡುವವರಿಗೆ ಇದರಲ್ಲಿ ಒಂದು ಪಾಠವಿದೆ: ಒಂದು ಜೀನ್ ಕೆಡಿಸಿದಾಗ ಚುಕ್ಕೆ ತುಸು ಸಣ್ಣದಾಯಿತಷ್ಟೇ ಎಂದು ಆ ಜೀನನ್ನು ಬಿಟ್ಟುಬಿಡಬಾರದು. ಜೊತೆಗಾರ ಜೀನ್ ಹೊರೆ ಹೊತ್ತಿರಬಹುದು.

ಗೂಡು ಹಕ್ಕಿಗಾಗಿ ಕಾಯುವುದಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ. ಕ್ಲೋಷ್ ಎಂಬ ತಳಿಯ ಭ್ರೂಣದಲ್ಲಿ ರಕ್ತಕೋಶಗಳೂ ರಕ್ತನಾಳಗಳೂ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅದರ ಮೂರನೆಯ ಚೀಲದಲ್ಲಿ ಬೋಳು ಇಲಿಯ ಜೀನ್‌ಗೆ ಸಮನಾದ ಜೀನ್ ಹೊತ್ತಿಗೆ ಸರಿಯಾಗಿ ಚಾಲೂ ಆಗುತ್ತದೆ.

ಹಕ್ಕಿ

ಬರುವ ಕೋಶಗಳ ಕಡೆ ಕೆಡಬಹುದಾದ ಜಾಗಗಳು ಇನ್ನೂ ಹೆಚ್ಚು. ಆಕರಕೋಶ ಹುಟ್ಟಲು ರನ್‌ಎಕ್ಸ್1, ಸಿ-ಮಿಬ್. ದಾರಿ ತಿಳಿಯಲು ಸಿಸಿಆರ್9 ಮತ್ತು ಸಿಎಕ್ಸ್‌ಸಿಆರ್4 ಎಂಬ ಗ್ರಾಹಕಗಳು. ಲಿಂಫೋಸೈಟ್ (ಟಿ-ಕೋಶ, ಬಿ-ಕೋಶಗಳ ಗುಂಪು) ಆಗುವ ತೀರ್ಮಾನಕ್ಕೆ ಇಕಾರೋಸ್. ಬಂದ ಮೇಲೆ ಹೆಚ್ಚಿಕೊಳ್ಳಲು ಐಎಲ್7ಆರ್ ಎಂಬ ಗ್ರಾಹಕ ಮತ್ತು ಅದರ ಸಂಕೇತವನ್ನು ಕೋಶದೊಳಗೆ ಮುಟ್ಟಿಸುವ ಜಾಕ್3. ಗ್ರಾಹಕ ಕತ್ತರಿಸಲು ರ್ಯಾಗ್1, ರ್ಯಾಗ್2. ಕತ್ತರಿಸಿದ ಡಿಎನ್‌ಎ ಮತ್ತೆ ಹೊಲಿಯಲು ಪಿಆರ್‌ಕೆಡಿಸಿ. ಐಎಲ್7ಆರ್, ಜಾಕ್3, ರ್ಯಾಗ್‌ಗಳು ಕೆಟ್ಟ ಮನುಷ್ಯ ಶಿಶುಗಳಿಗೆ ತೀವ್ರ ರೋಗನಿರೋಧಕ ಕೊರತೆ ಬರುತ್ತದೆ. ಅದೇ ಜೀನ್‌ಗಳು ಮೀನಿನಲ್ಲೂ ಚುಕ್ಕೆ ಕುಗ್ಗಿಸುತ್ತವೆ ಅಥವಾ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತವೆ.

"ಕೆಲಸಕ್ಕೆ ಬಾರದ ಹಾಗೆ" ಎಂದದ್ದಕ್ಕೆ ಕಾರಣವಿದೆ. ಪಿಆರ್‌ಕೆಡಿಸಿ ಕೆಟ್ಟ ಕೋಶದಲ್ಲಿ ರ್ಯಾಗ್1 ಆರ್‌ಎನ್‌ಎ ತಯಾರಾಗುವುದಕ್ಕೆ ಅಡ್ಡಿಯಿಲ್ಲ, ಹೊಲಿಗೆ ಮಾತ್ರ ಆಗುವುದಿಲ್ಲ. ರ್ಯಾಗ್1 ಬಣ್ಣವೊಂದನ್ನೇ ನೋಡುತ್ತಾ ಕುಳಿತವರಿಗೆ ಇಂಥ ಮರಿ ತಪ್ಪಿಸಿಕೊಳ್ಳಬಹುದು. ಜೋಡಣೆ ಮುಗಿದ ಟಿ-ಕೋಶ ಗ್ರಾಹಕದ ಆರ್‌ಎನ್‌ಎಗೂ ಪಿಸಿಆರ್ ಮಾಡಿ ನೋಡಬೇಕು.

ಗೂಡಿನ ತಪ್ಪೋ ಹಕ್ಕಿಯ ತಪ್ಪೋ ಎಂದು ತೀರ್ಮಾನಿಸಲು ಮೊದಲು ಹಚ್ಚುವ ಬಣ್ಣಗಳು ಇವು: ಗೂಡಿಗೆ ಫಾಕ್ಸ್‌ಎನ್1 ಮತ್ತು ಸಿಸಿಎಲ್25ಎ, ಆಕರಕೋಶಕ್ಕೆ ಸಿ-ಮಿಬ್, ಎಳೆಯ ಲಿಂಫೋಸೈಟ್‌ಗೆ ಇಕಾರೋಸ್. ಬಣ್ಣ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ತೀರ್ಪಿಗೆ ಕಸಿ ಬೇಕು. ಮೂರು-ನಾಲ್ಕು ಗಂಟೆಯ ಭ್ರೂಣ ಇನ್ನೂ ಕೋಶಗಳ ಗುಡ್ಡೆಯಾಗಿರುವಾಗ, ಹೊಳೆಯುವ ಬಣ್ಣ ತುಂಬಿದ ಆರೋಗ್ಯವಂತ ಭ್ರೂಣದ ಕೆಲವು ಕೋಶಗಳನ್ನು ಸೂಜಿಯಿಂದ ಎಳೆದು ಕೆಟ್ಟ ಭ್ರೂಣಕ್ಕೆ ಸೇರಿಸುವುದು. ಐದನೆಯ ದಿನ ಕೆಟ್ಟ ಮರಿಯ ಥೈಮಸ್ ತುಂಬ ದಾನಿಯ ರಕ್ತಕೋಶಗಳೇ ಇದ್ದರೆ ಗೂಡು ಸರಿಯಿದೆ, ತಪ್ಪು ಹಕ್ಕಿಯದು. ದಾನಿಯ ಕೋಶಗಳು ರಕ್ತದಲ್ಲಿ ಓಡಾಡುತ್ತಿದ್ದೂ ಥೈಮಸ್‌ಗೆ ಬಾರದಿದ್ದರೆ ಗೂಡಿನ ತಪ್ಪು.

ಜಾಲ ಬೀಸುವುದು

ಈ ಜೀನ್‌ಗಳಲ್ಲಿ ಕೆಲವನ್ನು ಇಲಿಯಿಂದ ಊಹಿಸಿ ಮೀನಿನಲ್ಲಿ ಹುಡುಕಲಾಯಿತು. ಇನ್ನು ಕೆಲವು ಊಹೆಯೇ ಇಲ್ಲದೆ ಸಿಕ್ಕವು. ಗಂಡು ಮೀನುಗಳನ್ನು ಇಎನ್‌ಯು ಎಂಬ ರಾಸಾಯನಿಕದ ಸುಮಾರು 3 ಮಿಲಿಮೋಲಾರ್ ದ್ರಾವಣದಲ್ಲಿ ಒಂದು ಗಂಟೆ ಇಟ್ಟು ತೆಗೆಯುತ್ತಾರೆ. ವಾರಕ್ಕೊಮ್ಮೆಯಂತೆ ಹಲವು ಬಾರಿ. ವೀರ್ಯದ ಆಕರಕೋಶಗಳಲ್ಲಿ ಅಲ್ಲಲ್ಲಿ ಒಂದೊಂದು ಡಿಎನ್‌ಎ ಅಕ್ಷರ ಬದಲಾಗುತ್ತದೆ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಂದು ಮೂರು ತಲೆಮಾರು ಸಾಕಿದ ಮೇಲೆ ಒಂದು ಜೀನಿನ ಎರಡೂ ಪ್ರತಿ ಕೆಟ್ಟ ಮರಿಗಳು ಹೊರಬರುತ್ತವೆ. ಟ್ಯೂಬಿಂಗೆನ್ ಮತ್ತು ಬಾಸ್ಟನ್ನಿನ ದೊಡ್ಡ ತಪಾಸಣೆಗಳ ಫಲ ಒಟ್ಟಿಗೆ 1996ರ ಡಿಸೆಂಬರ್‌ನಲ್ಲಿ ಪ್ರಕಟವಾದ ಮೇಲೆ ಇದೇ ವಿಧಾನವನ್ನು ಥೈಮಸ್‌ಗೆ ಹೂಡಿದರು.

ಲೆಕ್ಕ ಸರಳ, ಆದರೆ ಮರೆಯುವವರೇ ಹೆಚ್ಚು. ಮೊಮ್ಮಕ್ಕಳ ಒಂದು ಕುಟುಂಬದಲ್ಲಿ ಅರ್ಧದಷ್ಟು ಮೀನುಗಳು ದೋಷವನ್ನು ಹೊತ್ತಿರುತ್ತವೆ. ಕಣ್ಣುಮುಚ್ಚಿ ಒಂದು ಗಂಡು, ಒಂದು ಹೆಣ್ಣು ಆರಿಸಿದರೆ ಎರಡೂ ಹೊತ್ತಿರುವ ಸಾಧ್ಯತೆ ಕಾಲು ಭಾಗ. ಆರು ಜೋಡಿ ಮಾಡಿದರೆ ಒಂದಾದರೂ ಸರಿಯಾದ ಜೋಡಿ ಬೀಳುವ ಸಾಧ್ಯತೆ ಶೇ. 82, ಹತ್ತು ಮಾಡಿದರೆ ಶೇ. 94. ಸರಿಯಾದ ಜೋಡಿಯ ಮರಿಗಳಲ್ಲಿ ಕಾಲು ಭಾಗ ಮಾತ್ರ ಕೆಟ್ಟಿರುತ್ತದೆ. 8 ಮರಿಗೆ ಬಣ್ಣ ಹಾಕಿದರೆ ಒಂದೂ ಸಿಗದೆ ಹೋಗುವ ಅಪಾಯ ಶೇ. 10. 20 ಮರಿಗೆ ಹಾಕಿದರೆ ಅದು ಸಾವಿರಕ್ಕೆ ಮೂರು. ತೊಟ್ಟಿಗಳ ಸಂಖ್ಯೆ ಉಳಿಸಲು ಹೋಗಿ ಮರಿಗಳ ಸಂಖ್ಯೆಯಲ್ಲಿ ಜಿಪುಣತನ ಮಾಡುವುದು ತಲೆಕೆಳಗಾದ ಲೆಕ್ಕ.

ಆರಂಭದ ಫಲಗಳಲ್ಲಿ ಇಕಾರೋಸ್ ಕೆಟ್ಟ ಮೀನು ಒಂದು. ಮರಿಯಲ್ಲಿ ಟಿ-ಕೋಶ ಇಲ್ಲ. ಬೆಳೆದ ಮೀನಿನಲ್ಲಿ ಬರುತ್ತವೆ. ಮರಿಯ ಟಿ-ಕೋಶ ಮತ್ತು ದೊಡ್ಡದರ ಟಿ-ಕೋಶ ಬೇರೆ ಬೇರೆ ಅಲೆಗಳು ಎನ್ನುವ ಸೂಚನೆ ಅಲ್ಲಿತ್ತು. ಐದನೆಯ ದಿನದ ಚಿತ್ರ ನೋಡಿ "ಈ ಮೀನಿಗೆ ಎಂದೂ ಟಿ-ಕೋಶ ಇರುವುದಿಲ್ಲ" ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಫ್ರೈಬುರ್ಗ್ ಗುಂಪು 2016ರಲ್ಲಿ ವರದಿ ಮಾಡಿದ ಫಲ ಇನ್ನೂ ವಿಚಿತ್ರ. ಆರ್‌ಎನ್‌ಎಯನ್ನು ಕತ್ತರಿಸಿ ಸಿದ್ಧಪಡಿಸುವ, ಪ್ರತಿಯೊಂದು ಕೋಶಕ್ಕೂ ಬೇಕಾದ ಯಂತ್ರದ ಭಾಗಗಳು ಕೆಟ್ಟರೂ ಮೊದಲು ಪೆಟ್ಟು ತಿನ್ನುವುದು ಟಿ-ಕೋಶ. ಎಲ್ಲ ಕೋಶಕ್ಕೂ ಬೇಕಾದದ್ದು ಕೆಟ್ಟರೆ ಥೈಮಸ್ ಏಕೆ ಮೊದಲು ಮಲಗಬೇಕು? ನನ್ನ ಓದು ಹೀಗಿದೆ. ತಾಯಿ ಮೊಟ್ಟೆಯಲ್ಲಿ ಬುತ್ತಿ ಕಟ್ಟಿ ಕಳಿಸಿದ ಆರ್‌ಎನ್‌ಎ, ಪ್ರೋಟೀನುಗಳು ಮೊದಲ ಕೆಲವು ದಿನ ಭ್ರೂಣವನ್ನು ನಡೆಸುತ್ತವೆ. ಬುತ್ತಿ ಖಾಲಿಯಾಗುವ ಹೊತ್ತಿಗೆ ಅತಿ ವೇಗವಾಗಿ ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಎಳೆಯ ಟಿ-ಕೋಶವೂ ಒಂದು. ಕೊರತೆ ಮೊದಲು ತಟ್ಟುವುದು ಅವಸರದಲ್ಲಿರುವವರಿಗೆ. ಆದ್ದರಿಂದ ಇಂಥ ಜೀನ್ ಸಿಕ್ಕಾಗ "ಇದು ಥೈಮಸ್ ಜೀನ್" ಎಂದು ಹೆಸರಿಡುವ ಮೊದಲು ಕರುಳು, ಕಣ್ಣಿನ ಅಂಚು, ದವಡೆಯ ಮೃದ್ವಸ್ಥಿಗಳನ್ನೂ ನೋಡಿ.

ಒಟ್ಟು ಬೆಳವಣಿಗೆಯ ತಡವನ್ನು ಬೇರ್ಪಡಿಸಲು ಫ್ರೈಬುರ್ಗ್ ಗುಂಪು ಬಳಸಿದ ಉಪಾಯ ನನಗೆ ಬಲು ಇಷ್ಟ. ರ್ಯಾಗ್1 ಜೊತೆಗೆ ಬೆಳವಣಿಗೆ ಹಾರ್ಮೋನಿನ ಜೀನ್‌ಗೂ ಬಣ್ಣ ಹಾಕುವುದು. ಅದು ಮಿದುಳಿನ ತಳದ ಪಿಟ್ಯುಟರಿಯಲ್ಲಿ ಒಂಟಿ ಚುಕ್ಕೆಯಾಗಿ ಕಾಣುತ್ತದೆ. ಥೈಮಸ್ ಚುಕ್ಕೆಯ ವಿಸ್ತೀರ್ಣವನ್ನು ಪಿಟ್ಯುಟರಿ ಚುಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಮರಿಯ ಗಾತ್ರ, ಬಣ್ಣದ ಏರುಪೇರು ಎರಡೂ ಬಹುಮಟ್ಟಿಗೆ ಕಳೆದುಹೋಗುತ್ತವೆ.

ಮೇಜಿನ ಮೇಲೆ: ಬಣ್ಣ ಹಾಕುವಾಗ ಕೆಡುವುದು ಎಲ್ಲಿ

ಸಂಜೆ ಗಂಡುಹೆಣ್ಣನ್ನು ನಡುವೆ ತಡೆ ಹಾಕಿದ ಡಬ್ಬಿಯಲ್ಲಿ ಬಿಡಿ. 14 ಗಂಟೆ ಬೆಳಕು, 10 ಗಂಟೆ ಕತ್ತಲೆಯ ಕ್ರಮ ತಪ್ಪಬಾರದು. ಬೆಳಗ್ಗೆ ದೀಪ ಹೊತ್ತಿದ ಕೂಡಲೇ ತಡೆ ತೆಗೆದರೆ ಅರ್ಧ ಗಂಟೆಯೊಳಗೆ ಮೊಟ್ಟೆ. 10 ಸೆಂ.ಮೀ. ತಟ್ಟೆಗೆ 60ಕ್ಕಿಂತ ಹೆಚ್ಚು ಭ್ರೂಣ ಬೇಡ. ಕಿಕ್ಕಿರಿದರೆ ಬೆಳವಣಿಗೆ ತಡವಾಗುತ್ತದೆ, ತಡವಾದ ಮರಿ ನಿಮಗೆ ಸುಳ್ಳು ಫಲಿತಾಂಶ ಕೊಡುತ್ತದೆ. ಕಪ್ಪು ವರ್ಣ ಮೂಡದಂತೆ 24 ಗಂಟೆಗೆ ಮೊದಲೇ ಶೇ. 0.003ರ ಪಿಟಿಯು ಹಾಕುತ್ತಾರೆ. ಪಿಟಿಯು ಥೈರಾಯಿಡ್ ಔಷಧಿಯೂ ಹೌದು ಎಂಬುದು ನೆನಪಿರಲಿ. ಹೋಲಿಕೆಯ ಮರಿಗಳಿಗೂ ಅಷ್ಟೇ ಪ್ರಮಾಣ, ಅಷ್ಟೇ ಹೊತ್ತು ಹಾಕಿ.

ಐದನೆಯ ದಿನ ಮರಿಗಳನ್ನು ಟ್ರೈಕೇನ್ ಎಂಬ ಅರಿವಳಿಕೆಯಲ್ಲಿ ಮಲಗಿಸಿ, ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು. ಆಮೇಲೆ ಮೆಥನಾಲ್. ಇದಾದ ಮೇಲೆ ಬರುವ, ಪ್ರೋಟೀನು ಕರಗಿಸುವ ಕಿಣ್ವವಾದ ಪ್ರೋಟಿನೇಸ್-ಕೆ ಹಂತದಲ್ಲಿ ಅರ್ಧದಷ್ಟು ಪ್ರಯೋಗಗಳು ಹಳ್ಳ ಹಿಡಿಯುತ್ತವೆ. ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂನಂತೆ ಐದು ದಿನದ ಮರಿಗೆ ಅರ್ಧ ಗಂಟೆಯ ಆಸುಪಾಸು. ಕಡಿಮೆಯಾದರೆ ಕಿವಿಯ ಬುಡದವರೆಗೆ ಪ್ರೋಬ್ (ರ್ಯಾಗ್1 ಆರ್‌ಎನ್‌ಎಯನ್ನು ಹುಡುಕಿ ಅಂಟುವ ತುಂಡು) ಇಳಿಯುವುದಿಲ್ಲ. ಎಲ್ಲ ಮರಿಗಳೂ "ಥೈಮಸ್ ಇಲ್ಲದವು" ಆಗುತ್ತವೆ. ಹೆಚ್ಚಾದರೆ ಮರಿ ಲೋಳೆಯಾಗಿ, ತಲೆ ಕಳಚುತ್ತದೆ. ಕಿಣ್ವದ ಹೊಸ ಶೀಶೆ ತೆರೆದಾಗಲೆಲ್ಲ 20, 30, 40 ನಿಮಿಷ ಎಂದು ಮೂರು ಹೊತ್ತು ಹಾಕಿ ನೋಡಿಕೊಳ್ಳುವುದೇ ದಾರಿ. ಪ್ರೋಬ್ ಕೂರಿಸುವುದು 65ರಿಂದ 70 ಡಿಗ್ರಿಯಲ್ಲಿ, ರಾತ್ರಿಯಿಡೀ.

ಬಣ್ಣ ಬರುವ ಹಂತದಲ್ಲಿ ಇನ್ನೊಂದು ಬಲೆ ಇದೆ, ಅದು ಮೊದಲಿನದಕ್ಕಿಂತ ಕಳ್ಳ ಬಲೆ. ಚುಕ್ಕೆ ಚೆನ್ನಾಗಿ ಕಾಣಲಿ ಎಂದು ಬಣ್ಣವನ್ನು ತುಂಬ ಹೊತ್ತು ಬಿಟ್ಟರೆ, ಅರ್ಧದಷ್ಟೇ ಟಿ-ಕೋಶ ಇರುವ ಥೈಮಸ್ಸೂ ಪೂರ್ತಿ ಕಪ್ಪಾಗಿ ಕಾಣುತ್ತದೆ. ಪೂರ್ತಿ ಖಾಲಿಯಾದದ್ದು ಮಾತ್ರ ಸಿಗುತ್ತದೆ, ಸೌಮ್ಯ ದೋಷಗಳೆಲ್ಲ ಜಾರಿಕೊಳ್ಳುತ್ತವೆ. ಅಣ್ಣತಮ್ಮಂದಿರನ್ನೆಲ್ಲ ಒಂದೇ ಟ್ಯೂಬಿನಲ್ಲಿ ಹಾಕಿ, ಆರೋಗ್ಯವಂತ ಮರಿಯ ಚುಕ್ಕೆ ಇನ್ನೂ ನಸುನೇರಳೆ ಇರುವಾಗಲೇ ನಿಲ್ಲಿಸಬೇಕು. ಚಿತ್ರ ತೆಗೆದು, ಅಳೆದು, ಆಮೇಲೆ ಬಾಲದ ತುಂಡಿನಿಂದ ಡಿಎನ್‌ಎ ತೆಗೆದು ಯಾವ ಮರಿಯಲ್ಲಿ ಜೀನ್ ಕೆಟ್ಟಿದೆ ಎಂದು ನೋಡುವುದು. ಅಳೆಯುವವರಿಗೆ ಮೊದಲೇ ಉತ್ತರ ಗೊತ್ತಿರಬಾರದು. ಬಾಲವನ್ನು 50 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 95 ಡಿಗ್ರಿಗೆ ಬೇಯಿಸಿ, ಹತ್ತನೇ ಒಂದು ಭಾಗ ಟ್ರಿಸ್ ಸೇರಿಸಿದರೆ ಪಿಸಿಆರ್‌ಗೆ ಸಾಕಾಗುವಷ್ಟು ಡಿಎನ್‌ಎ ಸಿಗುತ್ತದೆ. ಫಾರ್ಮಾಲ್ಡಿಹೈಡ್ ಕಂಡ ಡಿಎನ್‌ಎ ತುಂಡಾಗಿರುತ್ತದೆ, ಆದ್ದರಿಂದ 200 ಅಕ್ಷರಕ್ಕಿಂತ ಚಿಕ್ಕ ತುಂಡಿಗೇ ಪ್ರೈಮರ್ ಬರೆಯಿರಿ.

ಜೀನ್ ಕೆಡಿಸುವ ಮೂರು ದಾರಿ, ಮೂರರ ಗುಂಡಿ

ಒಂದು ಕಾಲಕ್ಕೆ ಎಲ್ಲರೂ ಮಾರ್ಫೊಲಿನೊ ಚುಚ್ಚುತ್ತಿದ್ದರು: ಆರ್‌ಎನ್‌ಎಗೆ ಅಂಟಿ ಅದನ್ನು ಬಾಯಿಮುಚ್ಚಿಸುವ ಕೃತಕ ತುಂಡು. ಅಗ್ಗ, ಒಂದೇ ವಾರದಲ್ಲಿ ಫಲ. ಥೈಮಸ್‌ಗೆ ಇದು ಸರಿಹೊಂದದ ಆಯುಧ. ಒಂದು ಕೋಶಕ್ಕೆ ಚುಚ್ಚಿದ್ದು ಕೋಶಗಳು ಹೆಚ್ಚಿದಂತೆ ತೆಳುವಾಗುತ್ತಾ ಹೋಗಿ, ನಾವು ನೋಡಬೇಕಾದ ನಾಲ್ಕು-ಐದನೆಯ ದಿನಕ್ಕೆ ಬಹುಪಾಲು ಮುಗಿದಿರುತ್ತದೆ. ಹೆಚ್ಚು ಚುಚ್ಚಿದರೆ ವಿಷವಾಗಿ ಪಿ53 ಎಂಬ ಕಾವಲು ಪ್ರೋಟೀನು ಎದ್ದು ಕೋಶಗಳು ಸಾಯುತ್ತವೆ. 2015ರಲ್ಲಿ ಹೋಲಿಸಿ ನೋಡಿದಾಗ, ಮಾರ್ಫೊಲಿನೊದಿಂದ ಕಂಡ ದೋಷಗಳಲ್ಲಿ ಸುಮಾರು ಶೇ. 80 ನಿಜವಾಗಿ ಜೀನ್ ಕೆಟ್ಟ ಮೀನಿನಲ್ಲಿ ಕಾಣಲಿಲ್ಲ.

ಹಾಗೆಂದು ಕೆಟ್ಟ ಜೀನಿನ ಮೀನೇ ಸತ್ಯ ಹೇಳುತ್ತದೆ ಎಂದೂ ಅಲ್ಲ. ನಡುವೆ ನಿಲ್ಲುವ ದೋಷಪೂರಿತ ಆರ್‌ಎನ್‌ಎ ಕೋಶದೊಳಗೆ ಚೂರಾಗುವಾಗ, ಆ ಚೂರುಗಳ ಹೋಲಿಕೆಯಿರುವ ಬಂಧು ಜೀನ್‌ಗಳು ಜೋರಾಗಿ ಚಾಲೂ ಆಗಿ ಕೊರತೆ ತುಂಬಬಲ್ಲವು ಎಂದು 2019ರಲ್ಲಿ ತೋರಿಸಲಾಯಿತು. ಮೀನಿನಲ್ಲಿ ಬಂಧುಗಳಿಗೆ ಬರವಿಲ್ಲ. ಮೂಳೆಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಯಿತು. ಸಿಎಕ್ಸ್‌ಸಿಎಲ್12ಎ, 12ಬಿ ಎಂದು ಎ-ಬಿ ಜೋಡಿಗಳು ಕಾಣುವುದು ಅದಕ್ಕೇ. ಆರ್‌ಎನ್‌ಎಯೇ ಹುಟ್ಟದಂತೆ ಜೀನಿನ ಬಾಗಿಲ ಭಾಗವನ್ನು, ಅಂದರೆ ಪ್ರೊಮೋಟರನ್ನು ಕತ್ತರಿಸಿ ತೆಗೆದರೆ ಈ ಭರ್ತಿ ತಪ್ಪುತ್ತದೆ.

ಜೀನನ್ನೇ ಗುರಿಯಿಟ್ಟು ಕತ್ತರಿಸುವ ಕ್ರಿಸ್ಪರ್ ಈಗಿನ ದಾರಿ. ಮೊದಲ ವಿಭಜನೆ ಸುಮಾರು 45 ನಿಮಿಷಕ್ಕೆ ಆಗುತ್ತದೆ. ಅಷ್ಟರೊಳಗೆ ಕತ್ತರಿಯಾದ ಕ್ಯಾಸ್9 ಪ್ರೋಟೀನು ಮತ್ತು ಅದಕ್ಕೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎಯ 1 ನ್ಯಾನೊಲೀಟರ್ ಹನಿ ಕೋಶದೊಳಗೆ ಹೋಗಬೇಕು. ಹನಿಯ ಅಳತೆಯನ್ನು ಖನಿಜ ತೈಲದೊಳಗೆ ಬಿಟ್ಟು ಸೂಕ್ಷ್ಮದರ್ಶಕದ ಅಳತೆಪಟ್ಟಿಯಲ್ಲಿ ನೋಡಿ: ವ್ಯಾಸ 0.12 ಮಿ.ಮೀ. ಆಸುಪಾಸು ಇದ್ದರೆ 1 ನ್ಯಾನೊಲೀಟರ್. ಗಮನಿಸಿ, ವ್ಯಾಸ 0.15ಕ್ಕೆ ಏರಿದರೆ ಹನಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಚುಚ್ಚಿದ ಮರಿಯೇ ಮಿಶ್ರ ಕೋಶಗಳದ್ದಾಗಿರುತ್ತದೆ. ಥೈಮಸ್‌ಗೆ ಬರುವ ಮೊದಲ ಕೋಶಗಳು ಬೆರಳೆಣಿಕೆಯವು, ಅವುಗಳಲ್ಲಿ ಕತ್ತರಿ ತಪ್ಪಿದ ಒಂದೆರಡು ಇದ್ದರೆ ಅವೇ ಹೆಚ್ಚಿಕೊಂಡು ಚುಕ್ಕೆಯನ್ನು ತುಂಬಿಬಿಡಬಹುದು. ಒಂದೇ ಜೀನಿಗೆ ಮೂರು-ನಾಲ್ಕು ಗೈಡ್ ಒಟ್ಟಿಗೆ ಹಾಕಿದರೆ ಈ ತೊಂದರೆ ಕಡಿಮೆ. ಆದರೂ ಪ್ರಕಟಿಸುವ ಮಾತಿಗೆ ಎರಡು ತಲೆಮಾರು ಕಾದು ಸ್ಥಿರ ತಳಿ ಮಾಡುವುದೇ ಸರಿ.

ಥೈಮಸ್ ಕೆಲಸ ನಿಂತ ಮೀನು ಹೇಗೆ ಬದುಕುತ್ತದೆ

ಜೀಬ್ರಾಮೀನಿನಲ್ಲಿ ಗುರಿಯಿಟ್ಟು ಹುಡುಕಿ ಪಡೆದ ಮೊದಲ ಕೆಟ್ಟ ಜೀನು ರ್ಯಾಗ್1, ಅದು 2002ರಲ್ಲಿ. ಟಿ-ಕೋಶವೂ ಬಿ-ಕೋಶವೂ ತಯಾರಾಗದ ಆ ಮೀನು ಸಾಮಾನ್ಯ ತೊಟ್ಟಿಯಲ್ಲೇ ದೊಡ್ಡದಾಗಿ ಮೊಟ್ಟೆಯಿಟ್ಟಿತು. ಸಹಜ ರಕ್ಷಣೆಯ ಕೋಶಗಳು ಅಷ್ಟು ಗಟ್ಟಿ. ಇಂಥ ಮೀನು ಹೊರಗಿನ ಅಂಗಾಂಶವನ್ನು ತಳ್ಳಿಹಾಕುವುದಿಲ್ಲ. 2019ರಲ್ಲಿ ಪಿಆರ್‌ಕೆಡಿಸಿ ಮತ್ತು ಐಎಲ್2ಆರ್‌ಜಿಎ (ಐಎಲ್7ಆರ್ ಜೊತೆಗೂಡುವ ಗ್ರಾಹಕದ ಜೀನ್) ಎರಡೂ ಕೆಟ್ಟ ಜೀಬ್ರಾಮೀನನ್ನು 37 ಡಿಗ್ರಿ ನೀರಿಗೆ ಒಗ್ಗಿಸಿ ಮನುಷ್ಯನ ಕ್ಯಾನ್ಸರ್ ಕೋಶಗಳನ್ನು ಅದರಲ್ಲಿ ಬೆಳೆಸಲಾಯಿತು.

ಪ್ರಕೃತಿಯೂ ಈ ಪ್ರಯೋಗ ಮಾಡಿದೆ. ಅಟ್ಲಾಂಟಿಕ್ ಕಾಡ್ ಮೀನು, ಸಹಾಯಕ ಟಿ-ಕೋಶಗಳು ರೋಗಾಣುವನ್ನು ಗುರುತಿಸಲು ಬೇಕಾದ ಎಂಎಚ್‌ಸಿ-2 ಮತ್ತು ಸಿಡಿ4 ಜೀನ್‌ಗಳನ್ನು ಕಳೆದುಕೊಂಡೂ ಸಮುದ್ರ ತುಂಬ ಇದೆ. ಆಳಕಡಲಿನ ಕೆಲವು ಆಂಗ್ಲರ್ ಮೀನುಗಳಲ್ಲಿ ಗಂಡು ಹೆಣ್ಣಿನ ಮೈಗೆ ಶಾಶ್ವತವಾಗಿ ಬೆಸೆದುಕೊಳ್ಳುತ್ತದೆ, ಇಬ್ಬರ ರಕ್ತವೂ ಒಂದಾಗುತ್ತದೆ. ಅಂಥ ಕೆಲವು ಜಾತಿಗಳಲ್ಲಿ ರ್ಯಾಗ್ ಜೀನ್‌ಗಳೇ ಕೆಟ್ಟುಹೋಗಿವೆ.

ಸಭೆಯ ಪ್ರಶ್ನೆಗಳಿಂದ ಎರಡು

ದೊಡ್ಡ ಮೀನಿನಲ್ಲಿ ಥೈಮಸ್ ಕುಗ್ಗಿದ್ದರೆ ಜೀನ್ ದೋಷ ಎನ್ನಬಹುದೇ ಎಂದು ಒಬ್ಬರು ಕೇಳಿದರು. ಅವಸರ ಬೇಡ. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಳೆಯ ಟಿ-ಕೋಶಗಳನ್ನು ಕೊಲ್ಲುತ್ತದೆ. ಅದೇ ಗುಂಪಿನ ಡೆಕ್ಸಾಮೆಥಸೋನ್ ಕೊಟ್ಟರೆ ಹೊಳೆಯುವ ಥೈಮಸ್ ಮಂಕಾಗುವುದನ್ನು ಜೀವಂತ ಮೀನಿನಲ್ಲೇ ನೋಡಬಹುದು. ತುಂಬಿದ ತೊಟ್ಟಿ, ಕಡಿಮೆ ಆಹಾರ, ಕೆಟ್ಟ ನೀರು, ವಯಸ್ಸು, ಎಲ್ಲವೂ ಅದನ್ನೇ ಮಾಡುತ್ತವೆ. ಅದೇ ತೊಟ್ಟಿಯ, ಅದೇ ವಯಸ್ಸಿನ, ಅದೇ ಉದ್ದದ ಸಹೋದರ ಮೀನಿನ ಜೊತೆ ಹೋಲಿಸಿ.

ಕಾಟ್ಲಾ, ರೋಹು ಸಾಕುವವರೊಬ್ಬರ ಪ್ರಶ್ನೆ: ಮರಿ ಎಷ್ಟು ದಿನದ್ದಾದಾಗ ಲಸಿಕೆ ಕೊಟ್ಟರೆ ಹಿಡಿಯುತ್ತದೆ? ಜೀಬ್ರಾಮೀನಿನ ನಾಲ್ಕರಿಂದ ಆರು ವಾರದ ಲೆಕ್ಕವನ್ನು ನೇರವಾಗಿ ಗೆಂಡೆಮೀನಿಗೆ ಹೊರಿಸಬೇಡಿ. ಜಾತಿಯ ಮೇಲೆ, ನೀರಿನ ಉಷ್ಣತೆಯ ಮೇಲೆ ಅದು ಹಿಂದುಮುಂದಾಗುತ್ತದೆ. ಸಿಹಿನೀರಿನ ಮೀನುಗಳಲ್ಲಿ ಲಿಂಫೋಸೈಟ್ ಮೊದಲು ತುಂಬುವುದು ಥೈಮಸ್‌ನಲ್ಲಿ, ಆಮೇಲೆ ತಲೆಯ ಮೂತ್ರಪಿಂಡದಲ್ಲಿ, ಕೊನೆಗೆ ಗುಲ್ಮದಲ್ಲಿ. ಹಲವು ಕಡಲ ಮೀನುಗಳಲ್ಲಿ ಥೈಮಸ್ಸೇ ಕೊನೆ. ತೀರಾ ಎಳೆಯ ಮರಿಗೆ ಲಸಿಕೆ ಹಾಕಿದರೆ ಖರ್ಚು ವ್ಯರ್ಥವಾಗುವುದಷ್ಟೇ ಅಲ್ಲ, ಆ ರೋಗಾಣುವನ್ನು ಮರಿಯ ದೇಹ "ನಮ್ಮದೇ" ಎಂದು ಒಪ್ಪಿಕೊಂಡು ಮುಂದೆ ಪ್ರತಿಕ್ರಿಯಿಸದೇ ಹೋಗುವ ಅಪಾಯವೂ ಇದೆ. ಹಾಗಾಗಿ ಒಂದು ತಂಡದ ಮರಿಗಳಲ್ಲಿ ಕೆಲವನ್ನು ಬೇರೆ ಬೇರೆ ವಾರದಲ್ಲಿ ಲಸಿಕೆಗೆ ಒಡ್ಡಿ, ಮೂರು-ನಾಲ್ಕು ವಾರ ಬಿಟ್ಟು ಪ್ರತಿಕಾಯದ ಮಟ್ಟ ಅಳೆಸಿ. ಮಟ್ಟ ಏರಿದ ಮೊದಲ ವಾರ ಯಾವುದೋ, ಆ ಜಾತಿಗೆ ಆ ನೀರಿನಲ್ಲಿ ಅದೇ ಹೊತ್ತು. ಅಳೆಯುವಾಗ ಲಸಿಕೆ ಕೊಡದ ಅದೇ ವಯಸ್ಸಿನ ಮರಿಗಳನ್ನೂ ಇಟ್ಟುಕೊಳ್ಳಿ, ತಾಯಿ ಮೊಟ್ಟೆಯ ಮೂಲಕ ಕೊಟ್ಟ ಪ್ರತಿಕಾಯ ಎಳೆಯ ಮರಿಯಲ್ಲಿ ಇನ್ನೂ ಉಳಿದಿರಬಹುದು.